ಬಳ್ಳಾರಿ ಪೇಟೆ ಬಿಟ್ಟು ಹೊರವಲಯಕ್ಕೆ: ಎಳೆಯ ಮಕ್ಕಳಿರುವ ಸಂಸಾರ ಬಡಾವಣೆ ಆರಿಸುವ ಬಗೆ

ಬ್ರೂಸ್‌ಪೇಟೆಯ ನಮ್ಮ ಹಳೆಯ ಮನೆಯ ಬಾಗಿಲು ನೇರವಾಗಿ ರಸ್ತೆಗೆ ತೆರೆಯುತ್ತಿತ್ತು. ಹೊಸ್ತಿಲು ದಾಟಿದರೆ ಚರಂಡಿಯ ಮೇಲಿನ ಹಾಸುಗಲ್ಲು, ಅದರಾಚೆಗೆ ಆಟೋ, ಬೈಕು, ತಳ್ಳುಗಾಡಿ. ಮಗಳು ನಡೆಯಲು ಕಲಿತ ದಿನದಿಂದ ಆ ಹೊಸ್ತಿಲಿಗೆ ಅಡ್ಡವಾಗಿ ಒಂದು ಹಲಗೆ ಇಡತೊಡಗಿದೆವು. ಮಗ ಹುಟ್ಟುವ ಹೊತ್ತಿಗೆ ಹಲಗೆ ಸಾಲದೆ ಮನೆಯನ್ನೇ ಬದಲಿಸುವ ಮಾತು ಬಂತು. ಸಂಗನಕಲ್ಲು ರಸ್ತೆ, ಸಿರುಗುಪ್ಪ ರಸ್ತೆ, ಹೊಸಪೇಟೆ ರಸ್ತೆ, ಅನಂತಪುರ ರಸ್ತೆ ಹೀಗೆ ಊರಿನಿಂದ ಹೊರಡುವ ಒಂದೊಂದು ದಾರಿಯಲ್ಲೂ ಭಾನುವಾರಗಳನ್ನು ಕಳೆದು, ಒಮ್ಮೆ ತಪ್ಪು ಆಯ್ಕೆ ಮಾಡಿ, ಒಂದು ವರ್ಷದ ನಂತರ ಮತ್ತೆ ಮನೆ ಬದಲಿಸಿದ ಮೇಲೆ ಈ ಕೆಲಸಕ್ಕೆ ಒಂದು ಕ್ರಮವಿದೆ ಎಂಬುದು ನಮಗೆ ತಿಳಿಯಿತು.

ಆ ಕ್ರಮ ಹೀಗಿದೆ. ಬಡಾವಣೆಯಲ್ಲಿ ನೀವು ಮುಂದೆ ಸರಿಪಡಿಸಿಕೊಳ್ಳಲಾಗದ ಸಂಗತಿಗಳನ್ನು ಮೊದಲು ಪರೀಕ್ಷಿಸಬೇಕು, ಸರಿಪಡಿಸಿಕೊಳ್ಳಬಹುದಾದವನ್ನು ಕೊನೆಗೆ ನೋಡಬೇಕು. ನೀರಿನ ಸರದಿ, ನೆಲದ ಮಣ್ಣು, ತಗ್ಗು, ಗಾಳಿ ಬೀಸುವ ದಿಕ್ಕು, ರೈಲ್ವೆ ಗೇಟು ಇವು ಮೊದಲ ಗುಂಪಿಗೆ ಸೇರುತ್ತವೆ. ಬೀದಿದೀಪ, ಡಾಂಬರು, ಕಿರಾಣಿ ಅಂಗಡಿ, ಪಾರ್ಕಿನ ಜೋಕಾಲಿ ಎರಡನೆಯ ಗುಂಪಿನವು, ಇವತ್ತಿಲ್ಲದಿದ್ದರೆ ಮೂರು ವರ್ಷಕ್ಕೆ ಬರುತ್ತವೆ. ಸೈಟು ಮಾರುವವರು ತೋರಿಸುವುದು ಯಾವಾಗಲೂ ಎರಡನೆಯ ಗುಂಪನ್ನು, ಅದರಲ್ಲೂ ಮುಖ್ಯವಾಗಿ ಬಡಾವಣೆಯ ಹೆಬ್ಬಾಗಿಲ ಕಮಾನನ್ನು.

ಮೊದಲು ಮನೆಯ ದಿನಚರಿಯನ್ನು ಕಾಗದದ ಮೇಲೆ ಬರೆಯಿರಿ

ಸೈಟು ನೋಡಲು ಹೊರಡುವ ಮೊದಲು ಗಂಡ ಹೆಂಡತಿ ಕುಳಿತು, ಒಂದು ಸಾಮಾನ್ಯ ಸೋಮವಾರ ಮನೆಯ ಯಾರು ಎಷ್ಟು ಗಂಟೆಗೆ ಎಲ್ಲಿಗೆ ಹೋಗುತ್ತಾರೆ, ಹೇಗೆ ಹಿಂದಿರುಗುತ್ತಾರೆ ಎಂಬುದನ್ನು ಬರೆದಿಡಬೇಕು. ಕೆಲಸದ ಜಾಗ, ಶಾಲೆ, ಮಕ್ಕಳ ಡಾಕ್ಟರು ಎಲ್ಲರಿಗೂ ನೆನಪಾಗುತ್ತವೆ, ಮರೆತುಹೋಗುವುದು ಅಜ್ಜಿಯ ಮನೆ. ಇಬ್ಬರೂ ದುಡಿಯುವ ಸಂಸಾರದಲ್ಲಿ ಮಗುವಿಗೆ ಜ್ವರ ಬಂದ ದಿನ ಮನೆ ನಡೆಯುವುದು ಅಜ್ಜಿಯಿಂದ. ಪೇಟೆಯಲ್ಲಿದ್ದಾಗ ಎರಡು ಓಣಿಯಾಚೆಯಿಂದ ನಡೆದು ಬರುತ್ತಿದ್ದ ಆಕೆ, ನೀವು ಎಂಟು ಕಿಲೋಮೀಟರು ಆಚೆಗೆ ಹೋದ ಮೇಲೆ ಆಟೋದವನನ್ನು ನಂಬಿ ಹೊರಡಬೇಕಾಗುತ್ತದೆ. ಆದ್ದರಿಂದ ನೋಡುವ ಬಡಾವಣೆಗೆ ಅಜ್ಜಿ ಒಬ್ಬರೇ ಬರಬಲ್ಲರೇ, ಸಂಜೆ ಆರರ ನಂತರ ಅಲ್ಲಿಂದ ಆಟೋ ಸಿಗುತ್ತದೆಯೇ ಎಂಬುದು ನಿಮ್ಮ ಪಟ್ಟಿಯಲ್ಲಿರಲಿ. ಪಶ್ಚಿಮದ ಕುಡತಿನಿ, ತೋರಣಗಲ್ಲು ಕಡೆಗೆ ಕೆಲಸಕ್ಕೆ ಹೋಗುವವರು ಊರಿನ ಪೂರ್ವಕ್ಕೆ ಮನೆ ಮಾಡಿದರೆ ದಿನಕ್ಕೆರಡು ಸಲ ಇಡೀ ಬಳ್ಳಾರಿಯನ್ನು ದಾಟಬೇಕಾಗುತ್ತದೆ. ಹಾಗೆಂದು ಪಶ್ಚಿಮಕ್ಕೇ ಹೋಗಬೇಕೆಂದಲ್ಲ, ಅದಕ್ಕೆ ಗಾಳಿಯ ತಕರಾರಿದೆ, ಮುಂದೆ ಹೇಳುತ್ತೇನೆ.

ನೀರು: ಎಷ್ಟು ದಿನಕ್ಕೊಮ್ಮೆ, ಎಷ್ಟು ಗಂಟೆಗೆ, ಎಂಥದು

ಬಳ್ಳಾರಿಯಲ್ಲಿ ಇದು ಮೊದಲ ಪರೀಕ್ಷೆ, ಇದರಲ್ಲಿ ಸೋತ ಬಡಾವಣೆಯನ್ನು ಮುಂದಕ್ಕೆ ನೋಡುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಊರಿಗೆ ನೀರು ಬರುವುದು ತುಂಗಭದ್ರೆಯಿಂದ. ಮೇಲ್ಮಟ್ಟದ ಕಾಲುವೆಯಲ್ಲಿ ನೀರು ಹರಿಯುವ ತಿಂಗಳುಗಳಲ್ಲಿ ಅಲ್ಲೀಪುರದ ಕೆರೆಯನ್ನು ತುಂಬಿಸಿಕೊಂಡು, ಕಾಲುವೆ ಬಂದಾದ ಮೇಲೆ ಬೇಸಿಗೆಯಿಡೀ ಅದನ್ನೇ ಹಂಚಬೇಕು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಕಾಲುವೆಯ ಕೆಳಗಿನ ರೈತರಷ್ಟೇ ಆತಂಕ ನಲ್ಲಿ ನೀರನ್ನು ನಂಬಿದ ನಮಗೂ ಇತ್ತು. ಹೀಗಿರುವಾಗ ಊರಂಚಿನ ಬಡಾವಣೆಗೆ ಪಾಲಿಕೆಯ ನಲ್ಲಿ ಇದೆಯೇ, ಅಥವಾ ಗ್ರಾಮ ಪಂಚಾಯಿತಿಯ ಕೊಳವೆಬಾವಿಯೇ, ಅಥವಾ ಲೇಔಟ್ ಮಾಡಿದವರು ಹಾಕಿಸಿದ ಒಂದೇ ಬೋರ್‌ವೆಲ್ ನೂರು ಮನೆಗಳಿಗೆ ಆಧಾರವೇ ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು.

ಇದನ್ನು ಬ್ರೋಕರ್ ಬಳಿ ಕೇಳಬೇಡಿ. ಬಡಾವಣೆಯಲ್ಲಿ ಆಗಲೇ ವಾಸವಾಗಿರುವ ಮನೆಗಳ ಪೈಕಿ ಒಂದು ಹಳೆಯದು, ಒಂದು ಹೊಸದು, ಒಂದು ಕೊನೆಯ ಕ್ರಾಸಿನದು ಹೀಗೆ ಮೂರು ಮನೆಯ ಬಾಗಿಲು ತಟ್ಟಿ, ಹೆಂಗಸರನ್ನು ಕೇಳಿ. ನಾವು ಕೇಳಿದ ಕೊನೆಯ ಕ್ರಾಸಿನ ಅಮ್ಮ ಹೇಳಿದ್ದು ಒಂದೇ ಮಾತು: "ಒಂಬತ್ತು ದಿನಕ್ಕೊಮ್ಮೆ ಬಿಡ್ತಾರಮ್ಮಾ, ಅದೂ ರಾತ್ರಿ ಎರಡಕ್ಕ." ಅದೇ ಬಡಾವಣೆಯ ಮೊದಲ ಕ್ರಾಸಿನಲ್ಲಿ ನೀರು ಸಂಜೆ ಬರುತ್ತಿತ್ತು. ಪೈಪಿನ ಕೊನೆಯಲ್ಲಿರುವ ಮನೆಗೆ ಒತ್ತಡ ಕಡಿಮೆಯಾಗುವುದರಿಂದ ಒಂದೇ ಬಡಾವಣೆಯೊಳಗೂ ಇಂಥ ವ್ಯತ್ಯಾಸವಿರುತ್ತದೆ.

ಸರದಿ ತಿಳಿದ ಮೇಲೆ ಸಂಪಿನ ಲೆಕ್ಕ ಹಾಕಿ. ನಗರದಲ್ಲಿ ತಲಾ ದಿನಕ್ಕೆ 135 ಲೀಟರ್ ಎಂಬ ಅಳತೆಯನ್ನು ಹಿಡಿದರೆ ನಾಲ್ಕು ಜನರಿಗೆ ದಿನಕ್ಕೆ 540 ಲೀಟರ್, ಹತ್ತು ದಿನಕ್ಕೆ 5,400 ಲೀಟರ್ ಬೇಕು. ಒಂದು ಸರದಿ ತಪ್ಪಿದರೂ ಟ್ಯಾಂಕರಿನವನಿಗೆ ಫೋನು ಮಾಡಬಾರದು ಎಂದರೆ ಅದರ ಎರಡು ಪಟ್ಟು, ಅಂದರೆ 10,800 ಲೀಟರ್ ಹಿಡಿಯುವ ಸಂಪು ಇರಬೇಕು. ಒಳಗಿನ ಅಳತೆ 8 ಅಡಿ ಉದ್ದ, 8 ಅಡಿ ಅಗಲ, 6 ಅಡಿ ಆಳ ಇದ್ದರೆ ಹೆಚ್ಚುಕಡಿಮೆ ಅಷ್ಟೇ ನೀರು ನಿಲ್ಲುತ್ತದೆ. ಬೇಸಿಗೆಯ ಕೂಲರ್ ದಿನಕ್ಕೆ ಕುಡಿಯುವ ಮೂರು ನಾಲ್ಕು ಕೊಡ ನೀರನ್ನು ಇದಕ್ಕೆ ಬೇರೆ ಸೇರಿಸಿಕೊಳ್ಳಿ. ಕಟ್ಟಿದ ಮನೆಯನ್ನು ನೋಡುತ್ತಿದ್ದರೆ ಸಂಪಿನ ಮುಚ್ಚಳ ತೆಗೆಸಿ, ಒಂದು ಕೋಲು ಇಳಿಬಿಟ್ಟು ಆಳ ಅಳೆಯಿರಿ. ಮುಚ್ಚಳ ಕಬ್ಬಿಣದ್ದಾಗಿದ್ದು ಬೀಗ ಹಾಕುವಂತಿರಬೇಕು, ಇಲ್ಲದಿದ್ದರೆ ಮನೆ ಹೊಕ್ಕುವ ಮೊದಲೇ ಹಾಕಿಸಬೇಕು. ಸಣ್ಣ ಮಕ್ಕಳಿರುವ ಮನೆಯಲ್ಲಿ ಇದಕ್ಕೆ ನಾಳೆ ಎನ್ನುವಂತಿಲ್ಲ.

ಇನ್ನು ನೀರಿನ ಗುಣ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ತೊಂದರೆ. ಬಣ್ಣ, ರುಚಿ, ವಾಸನೆಯಿಂದ ಫ್ಲೋರೈಡ್ ಗೊತ್ತಾಗುವುದಿಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಹೀಗಾಗಿ ಒಂದು ಲೀಟರ್ ನೀರನ್ನು ತೊಳೆದ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದೊಂದೇ ದಾರಿ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತೇವೆ ಎನ್ನುವವರು, ಆ ಘಟಕ ಎಷ್ಟು ದೂರದಲ್ಲಿದೆ, ರಿಪೇರಿಗೆ ಬಂದಾಗ ಎಷ್ಟು ದಿನ ಮುಚ್ಚಿರುತ್ತದೆ ಎಂದು ಅಲ್ಲಿ ಸಾಲು ನಿಂತವರನ್ನು ವಿಚಾರಿಸಬೇಕು.

ಎರೆಯೋ ಮಸಾರಿಯೋ

ಬಳ್ಳಾರಿಯ ಸುತ್ತ ಕೆಲವು ಕಡೆ ಕಪ್ಪು ಎರೆ, ಕೆಲವು ಕಡೆ ಕೆಂಪು ಮಸಾರಿ. ಸಿರುಗುಪ್ಪದತ್ತ ಹೋದಂತೆ ಹತ್ತಿ, ಮೆಣಸಿನಕಾಯಿ ಬೆಳೆಯುವ ಎರೆ ಹೊಲಗಳೇ ಲೇಔಟ್ ಆಗಿವೆ. ಬೆಳೆಗೆ ಬಂಗಾರದಂಥ ಆ ಮಣ್ಣು ಮನೆಗೆ ಒಳ್ಳೆಯದಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಈ ಉಬ್ಬು ಕುಗ್ಗಿನಲ್ಲಿ ಪಾಯ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಕೂರುತ್ತದೆ, ಗೋಡೆ ಸೀಳುತ್ತದೆ.

ನಾವು ಮೊದಲು ಬಾಡಿಗೆಗೆ ಹಿಡಿದ ಮನೆಗೆ ಆಗ ತಾನೇ ಸುಣ್ಣಬಣ್ಣವಾಗಿತ್ತು. ಮಾರ್ಚ್ ಕಳೆಯುವಷ್ಟರಲ್ಲಿ ಮಕ್ಕಳ ಕೋಣೆಯ ಕಿಟಕಿಯ ಮೂಲೆಯಿಂದ ಒಂದು ಗೆರೆ ಓರೆಯಾಗಿ ಸೂರಿನತ್ತ ಹೊರಟಿತು. ಮೇ ತಿಂಗಳಲ್ಲಿ ಆ ಸೀಳಿನೊಳಗೆ ಒಂದು ರೂಪಾಯಿಯ ನಾಣ್ಯ ನಿಲ್ಲುತ್ತಿತ್ತು, ಮಗಳು ಅದನ್ನು ತನ್ನ ಹುಂಡಿ ಎಂದೇ ತಿಳಿದಿದ್ದಳು. ಇಂಥ ಓರೆ ಸೀಳು ಪಾಯದ ಚಲನೆಯ ಗುರುತು. ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡುವ ಸಣ್ಣ ಗೆರೆಗಳಿಗೆ ಹೆದರಬೇಕಾಗಿಲ್ಲ.

ಹಾಗೆಂದು ಎರೆ ಭೂಮಿಯಲ್ಲಿ ಮನೆಯೇ ಬೇಡ ಎನ್ನಲಾಗದು, ಅರ್ಧ ಬಳ್ಳಾರಿ ಅದರ ಮೇಲೆಯೇ ನಿಂತಿದೆ. ಸೈಟಿನ ಪಕ್ಕದ ಖಾಲಿ ಜಾಗವನ್ನು ಮೇ ತಿಂಗಳಲ್ಲಿ ನೋಡಿ, ಬಿರುಕಿನಲ್ಲಿ ಅಂಗೈ ಇಳಿಯುವಂತಿದ್ದರೆ ಎಂಜಿನಿಯರ್ ಅವರನ್ನು ಕರೆಸಿ ಎರೆಯ ಪದರ ಎಷ್ಟು ಆಳವಿದೆ ಎಂದು ಗುಂಡಿ ತೋಡಿಸಿ ನೋಡಬೇಕು. ಮೂರು ನಾಲ್ಕು ಅಡಿಗೆ ಗಟ್ಟಿ ಗರಸು ಸಿಕ್ಕರೆ ಎರೆಯನ್ನು ತೆಗೆಸಿ ಗರಸು ತುಂಬಿ ದಿಮ್ಮಸು ಹಾಕಿಸಬಹುದು. ಆಳಕ್ಕೆ ಹೋದಷ್ಟೂ ಎರೆಯೇ ಇದ್ದರೆ ಅಂಡರ್ ರೀಮ್ಡ್ ಪೈಲ್ (ಬುಡ ಅಗಲವಾದ ಆಳದ ಕಾಂಕ್ರೀಟ್ ಕಂಬ), ಪ್ಲಿಂತ್ ಬೀಮು (ಪಾಯದ ಮೇಲಿನ ಕಾಂಕ್ರೀಟ್ ತೊಲೆ) ಎಂದು ಖರ್ಚು ಏರುತ್ತದೆ. ಅಗ್ಗದ ಸೈಟು ಹಾಗೆ ಅಗ್ಗವಾಗಿ ಉಳಿಯುವುದಿಲ್ಲ. ಕಟ್ಟಿದ ಮನೆಯಾದರೆ ಬಣ್ಣ ಬಳಿದ ಗೋಡೆಗಿಂತ ಕಾಂಪೌಂಡ್ ಗೋಡೆಯನ್ನು ನೋಡಿ. ಅದಕ್ಕೆ ಯಾರೂ ಅಷ್ಟು ಆಸಕ್ತಿಯಿಂದ ತೇಪೆ ಹಾಕಿರುವುದಿಲ್ಲ, ನೆಲದ ಸ್ವಭಾವವನ್ನು ಅದೇ ಹೇಳುತ್ತದೆ.

ತಗ್ಗಿನ ವಿಚಾರವನ್ನು ಮಳೆ ಬಂದ ಮರುದಿನ ನೋಡಬೇಕು. ನಮ್ಮ ಕಡೆ ಜೋರು ಮಳೆ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಹೋಗಿ, ಕರೆಂಟು ಕಂಬಗಳ ಬುಡದಲ್ಲಿ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ ನೋಡಿ. ಹಳ್ಳ ಹರಿಯುತ್ತಿದ್ದ ಜಾಗಕ್ಕೆ ಮಣ್ಣು ಸುರಿದು ಮಾಡಿದ ಲೇಔಟ್ ಹೌದೇ ಅಲ್ಲವೇ ಎಂಬುದನ್ನು ಪಕ್ಕದ ಹೊಲದ ಹಿರಿಯರು ಒಂದು ಬೀಡಿ ಮುಗಿಯುವಷ್ಟರಲ್ಲಿ ಹೇಳುತ್ತಾರೆ. ಸಂಗನಕಲ್ಲಿನ ಗುಡ್ಡಗಳ ಮೇಲೆ ಮನೆ ಮಾಡಿಕೊಂಡಿದ್ದ ನವಶಿಲಾಯುಗದ ಜನ ತಗ್ಗನ್ನು ಬಿಟ್ಟು ಎತ್ತರವನ್ನೇ ಆರಿಸಿಕೊಂಡಿದ್ದರು ಎಂಬುದು ಆ ರಸ್ತೆಯಲ್ಲಿ ಸೈಟು ನೋಡುವಾಗ ನನಗೆ ಪ್ರತಿ ಸಲ ನೆನಪಾಗುತ್ತಿತ್ತು.

ಗಾಳಿ ಮತ್ತು ಬಿಸಿಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಎರಡೂ ಊರಿನ ಪಶ್ಚಿಮಕ್ಕಿವೆ. ಅವುಗಳಲ್ಲದೆ ಊರ ಸುತ್ತಲಿನ ಹಳ್ಳಿಗಳಲ್ಲಿ ಸ್ಪಾಂಜ್ ಐರನ್ ಕಾರ್ಖಾನೆಗಳಿವೆ. ನೋಡುವ ಬಡಾವಣೆ ಯಾವುದಾದರೂ ಕಾರ್ಖಾನೆಯ ಪೂರ್ವಕ್ಕೆ ಎರಡು ಮೂರು ಕಿಲೋಮೀಟರಿನೊಳಗೆ ಬಿದ್ದರೆ ನಾಲ್ಕು ತಿಂಗಳು ಅದರ ಬೂದಿ ನಿಮ್ಮ ಕಡೆಗೇ ಬರುತ್ತದೆ. ಅದಿರು, ಕಲ್ಲಿದ್ದಲು ಲಾರಿಗಳು ಓಡಾಡುವ ರಸ್ತೆಯ ಮಗ್ಗುಲೂ ಅಷ್ಟೇ.

ಇದನ್ನು ಅಳೆಯಲು ನಾವು ಬಳಸಿದ ಉಪಾಯ ಸರಳವಾದದ್ದು. ಹಳೆಯ ಸ್ಪೀಕರಿನಿಂದ ತೆಗೆದ ಆಯಸ್ಕಾಂತಕ್ಕೆ ಬಿಳಿ ಹಾಳೆ ಸುತ್ತಿ, ಆ ಬಡಾವಣೆಯ ಒಂದು ಮನೆಯ ಮಾಳಿಗೆಯ ಮೂಲೆಯಲ್ಲಿ ಕೂತ ದೂಳಿನ ಮೇಲೆ ಆಡಿಸಬೇಕು. ಬರೀ ಮಣ್ಣಿನಲ್ಲೂ ಅಂಟುವ ಕಣಗಳು ಸ್ವಲ್ಪ ಇರುವುದರಿಂದ ನಿಮ್ಮ ಈಗಿನ ಮನೆಯ ಮಾಳಿಗೆಯಲ್ಲೂ ಇದನ್ನೇ ಮಾಡಿ, ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆಯ ಹಾಳೆ ಕಪ್ಪು ಮೀಸೆ ಬಿಟ್ಟಂತಾಗಿದ್ದರೆ, ಉಬ್ಬಸವಿರುವ ಮಗುವನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಬಿಸಿಲಿನ ಬಗ್ಗೆ ಬಳ್ಳಾರಿಯವರಿಗೆ ಹೇಳುವುದೇನಿದೆ! ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಮಲಗುವ ಕೋಣೆ ರಾತ್ರಿ ಹನ್ನೊಂದಕ್ಕೂ ತಣ್ಣಗಾಗದು. ಬರಿಬಂಡೆಯ ಗುಡ್ಡದ ಬುಡದಲ್ಲಿರುವ ಮನೆಗೆ ಹಗಲಿಡೀ ಕಾದ ಕಲ್ಲಿನ ಶಾಖ ರಾತ್ರಿಯೂ ತಟ್ಟುತ್ತದೆ. ಏಪ್ರಿಲ್ ಅಥವಾ ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ಒಂದು ಸಲ ಹೋಗಿ ಅರ್ಧ ಗಂಟೆ ನಿಲ್ಲಿ. ಬಡಾವಣೆಯ ಬೇವು, ಹೊಂಗೆಯ ಮರಗಳನ್ನು ಎಣಿಸಿ.

ಗೇಟಿನ ಆಚೆಯೋ ಈಚೆಯೋ

ಗುಂತಕಲ್‌ನಿಂದ ಹುಬ್ಬಳ್ಳಿಗೆ ಹೋಗುವ ರೈಲು ಮಾರ್ಗ ಊರನ್ನು ಸೀಳಿಕೊಂಡು ಹೋಗುತ್ತದೆ, ರಾಯದುರ್ಗದ ಕಡೆಯ ಮಾರ್ಗ ಬೇರೆ. ಅದಿರು, ಕಲ್ಲಿದ್ದಲು ಹೊತ್ತ ಗೂಡ್ಸ್ ರೈಲುಗಳು ನಿಧಾನವಾಗಿ ಸಾಗುವಾಗ ಗೇಟು ಹಾಕಿದರೆ ಸ್ಕೂಲ್ ಆಟೋದೊಳಗಿನ ಮಕ್ಕಳು ಬೆವರುತ್ತಾ ಕೂರಬೇಕು. 'ಸರ್ಕಲ್‌ನಿಂದ ಹತ್ತೇ ನಿಮಿಷ' ಎಂಬ ಬೋರ್ಡಿನಲ್ಲಿ ಗೇಟಿನ ಹೊತ್ತು ಸೇರಿರುವುದಿಲ್ಲ. ಆದ್ದರಿಂದ ಸೋಮವಾರ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯ ನಡುವೆ, ಮಗುವನ್ನು ಬೈಕಿನ ಮೇಲೆ ಕೂರಿಸಿಕೊಂಡು, ಆ ಬಡಾವಣೆಯಿಂದ ಶಾಲೆಗೆ ಒಮ್ಮೆ ಹೋಗಿ ಗಡಿಯಾರ ನೋಡಿ. ಗೇಟು ತಪ್ಪಿಸುವ ಅಂಡರ್‌ಪಾಸ್ ಇದ್ದರೆ ಮಳೆ ಬಂದ ದಿನ ಅದರಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂಬುದನ್ನೂ ಕೇಳಿ. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ನೆತ್ತಿಗೇರಿದರೆ ಕಂಟೋನ್ಮೆಂಟ್ ಕಡೆಯ ವಿಮ್ಸ್ ಆಸ್ಪತ್ರೆಗೆ ಗೇಟಿಲ್ಲದ ದಾರಿಯಿದೆಯೇ ಎಂಬುದು ನಮ್ಮ ಪಟ್ಟಿಯಲ್ಲಿ ಶಾಲೆಗಿಂತ ಮೇಲಿತ್ತು.

ಶಾಲೆ, ನೆರೆಹೊರೆ, ಕರೆಂಟು

ಶಾಲೆಯ ಹೆಸರಿಗಿಂತ ದೂರ ಮುಖ್ಯ, ಒಂದನೆಯ ತರಗತಿಯ ಮಗುವಿಗೆ ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ಕಳೆಯುವುದು ದೊಡ್ಡ ಶಿಕ್ಷೆ. ಶಿಕ್ಷಣ ಹಕ್ಕು ನಿಯಮಗಳ ಪ್ರಕಾರ ಐದನೆಯವರೆಗಿನ ಶಾಲೆ 1 ಕಿಲೋಮೀಟರ್, ಎಂಟನೆಯವರೆಗಿನದು 3 ಕಿಲೋಮೀಟರ್ ಒಳಗಿರಬೇಕು. ಹೊಸ ಬಡಾವಣೆಗೆ ಅದು ಅನ್ವಯವಾಗುತ್ತಿದೆಯೇ ಎಂದು ಅಳೆದು ನೋಡಿ. ಖಾಸಗಿ ಶಾಲೆಯಾದರೆ ವ್ಯಾನು ಯಾವ ಕ್ರಾಸಿನವರೆಗೆ ಬರುತ್ತದೆ ಎಂದು ಡ್ರೈವರ್ ಅವರನ್ನೇ ಕೇಳಬೇಕು, ಕಚೇರಿಯವರು ಎಲ್ಲೆಡೆಗೂ ಬರುತ್ತದೆ ಎನ್ನುತ್ತಾರೆ. ಸಂಜೆ ಐದೂವರೆಗೆ ಬೀದಿಯಲ್ಲಿ ಎಷ್ಟು ಮಕ್ಕಳು ಆಡುತ್ತಿದ್ದಾರೆ ಎಂದು ನೋಡಿ. ಅರ್ಧಕ್ಕರ್ಧ ಸೈಟು ಖಾಲಿ ಬಿದ್ದಿರುವ ಬಡಾವಣೆಯಲ್ಲಿ ಜಾಲಿ ಬೆಳೆದು ಹಾವು, ನಾಯಿಗಳ ಕಾಟವಿರುತ್ತದೆ. ಕರೆಂಟಿಗೆ ಸಂಬಂಧಿಸಿ ಜೆಸ್ಕಾಂ ಲೈನ್‌ಮನ್‌ಗೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಬಡಾವಣೆ ನಗರದ ಫೀಡರ್ (ಉಪಕೇಂದ್ರದಿಂದ ಬರುವ ವಿದ್ಯುತ್ ಲೈನು) ಮೇಲಿದೆಯೋ ಹಳ್ಳಿಯ ಫೀಡರ್ ಮೇಲಿದೆಯೋ?

ಕಾಗದಪತ್ರ

ಬಾಡಿಗೆಗೆ ಹೋಗುವವರು ಈ ಭಾಗವನ್ನು ಬಿಡಬಹುದು. ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲು ಇವುಗಳ ಪ್ರತಿಯನ್ನು ಕೈಯಲ್ಲಿ ಹಿಡಿಯಬೇಕು: ಮೂಲ ಜಮೀನಿನ ಪಹಣಿ, ಕೃಷಿಯೇತರ ಬಳಕೆಗೆ ಪರಿವರ್ತನೆಯಾದ ಎನ್.ಎ. ಆದೇಶ, ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ಲೇಔಟ್ ನಕ್ಷೆ, ಖಾತೆ, ಕನಿಷ್ಠ 30 ವರ್ಷದ ಋಣಭಾರ ಪ್ರಮಾಣಪತ್ರ. ಲೇಔಟ್ 500 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ, ಆ ಸಂಖ್ಯೆಯನ್ನು ರೇರಾ ಜಾಲತಾಣದಲ್ಲಿ ಹಾಕಿ ನೋಡಬಹುದು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11ಎ ಇರಬೇಕು. ಬರೀ 11ಬಿ (ಅನುಮೋದನೆಯಿಲ್ಲದ ಸ್ವತ್ತಿನ ನಮೂನೆ) ತೋರಿಸಿ 'ಎಲ್ಲಾ ಒಂದೇ' ಎಂದರೆ, ಬ್ಯಾಂಕಿನವರು ಒಂದೇ ಎನ್ನುವುದಿಲ್ಲ ಎಂಬುದು ನೆನಪಿರಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಮಾರಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಆ ಮಾರಾಟ ಊರ್ಜಿತವಾಗದು. ಅದನ್ನು ವಕೀಲರಿಂದ ಪರಿಶೀಲಿಸಿಕೊಳ್ಳಿ. ಸೈಟಿನ ಮೇಲೆ ನಿಂತು ಮೊಬೈಲಿನಲ್ಲಿ 'ದಿಶಾಂಕ್' ಆ್ಯಪ್ ತೆರೆದರೆ ಕಾಲ ಕೆಳಗಿನ ಸರ್ವೆ ನಂಬರ್ ಕಾಣುತ್ತದೆ, ಅದು ಪಹಣಿಯ ನಂಬರಿಗೆ ತಾಳೆಯಾಗಬೇಕು, ಪಕ್ಕದಲ್ಲಿ ಹಳ್ಳ, ಕೆರೆ ಎಂದಿದೆಯೇ ನೋಡಬೇಕು.

ಅಳತೆಯಲ್ಲೂ ಎಚ್ಚರ ಬೇಕು. 1953ರವರೆಗೆ ಮದರಾಸು ಪ್ರಾಂತದಲ್ಲಿದ್ದ ಊರಾದ್ದರಿಂದ ಇಲ್ಲಿ ಜಮೀನಿನ ಮಾತು ಇನ್ನೂ ಸೆಂಟ್ಸಿನಲ್ಲಿ ನಡೆಯುತ್ತದೆ. ಒಂದು ಸೆಂಟ್ ಎಂದರೆ 435.6 ಚದರ ಅಡಿ, 30-40ರ ಸೈಟು ಸುಮಾರು ಎರಡೂಮುಕ್ಕಾಲು ಸೆಂಟ್ಸ್. ಕೊಪ್ಪಳ, ರಾಯಚೂರಿನ ಕಡೆಯಿಂದ ಬಂದವರು ಇದನ್ನು ಗುಂಟೆಯ ಲೆಕ್ಕದೊಡನೆ ಬೆರೆಸಿಕೊಳ್ಳಬಾರದು, ಗುಂಟೆ ಎಂದರೆ 1,089 ಚದರ ಅಡಿ. ನೋಂದಣಿಯ ಖರ್ಚನ್ನೂ ಮೊದಲೇ ಎತ್ತಿಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿರುವುದರಿಂದ, ಮುದ್ರಾಂಕ ಶುಲ್ಕ, ಸೆಸ್ ಸೇರಿ ಸೈಟಿನ ಬೆಲೆಯ ಮೇಲೆ ಸುಮಾರು ಶೇ 7.6 ಬೀಳುತ್ತದೆ, ಅಂದರೆ 30 ಲಕ್ಷದ ಸೈಟಿಗೆ ಸುಮಾರು 2.28 ಲಕ್ಷ ರೂಪಾಯಿ.

ಮೊದಲ ವರ್ಷ ಬಾಡಿಗೆಗೆ

ಇಷ್ಟೆಲ್ಲ ನೋಡಿದ ಮೇಲೂ ಆರಿಸಿದ ಬಡಾವಣೆಯಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಇರುವುದನ್ನು ನಾನು ಬಲವಾಗಿ ಹೇಳುತ್ತೇನೆ. ಹಿರಿಯರು ಬಾಡಿಗೆ ಹಣ ದಂಡ ಎನ್ನುತ್ತಾರೆ. ನಾವು ಆ ಸೀಳುಬಿಟ್ಟ ಮನೆಯನ್ನು ಕೊಂಡುಬಿಟ್ಟಿದ್ದರೆ ಕಟ್ಟಬೇಕಾಗಿದ್ದ ದಂಡವನ್ನು ನೆನೆದರೆ ಆ ಬಾಡಿಗೆ ಏನೂ ಅಲ್ಲ. ಮಳೆಗಾಲ, ಬೇಸಿಗೆ ಎರಡನ್ನೂ ಕಂಡ ಮೇಲೆ, ಅದೇ ಬಡಾವಣೆಯಲ್ಲಿ ಯಾವ ಕ್ರಾಸು ಬೇಕು ಎಂಬುದು ನಿಮಗೇ ತಿಳಿದಿರುತ್ತದೆ.

ಸ್ಥಳಾಂತರಕ್ಕೆ ಏಪ್ರಿಲ್ ಕೊನೆ ಅನುಕೂಲ. ಪರೀಕ್ಷೆ ಮುಗಿದಿರುತ್ತದೆ, ಶಾಲೆ ಬದಲಿಸುವುದಿದ್ದರೆ ವರ್ಗಾವಣೆ ಪತ್ರವನ್ನು ರಜೆ ಆರಂಭವಾಗುವ ಮೊದಲೇ ಪಡೆದಿರಬೇಕು. ಆದರೆ ದಿನವನ್ನು ಪಂಚಾಂಗ ನೋಡಿ ಗೊತ್ತುಮಾಡುವವರು ವಾಲ್ವ್ ತಿರುಗಿಸುವವರನ್ನೂ ಒಮ್ಮೆ ಕೇಳಿಕೊಳ್ಳಬೇಕು. ನಾವು ಎರಡನೆಯ ಮನೆಗೆ ಬಂದದ್ದು ಒಳ್ಳೆಯ ಗುರುವಾರವೇ, ಆದರೆ ನೀರು ಬುಧವಾರ ರಾತ್ರಿ ಬಂದುಹೋಗಿತ್ತು. ಮುಂದಿನ ಸರದಿಯವರೆಗೆ ಎದುರು ಮನೆಯ ಸಂಪಿನಿಂದ ಪೈಪು ಎಳೆದುಕೊಂಡು ಸಂಸಾರ ನಡೆಸಿದೆವು. ಸಂಪು ತೊಳೆಸಿ, ಬೀಗ ಹಾಕಿಸಿ, ಒಂದು ಸರದಿಯ ನೀರು ಹಿಡಿದಿಟ್ಟ ಮರುದಿನ ಸಾಮಾನಿನ ಗಾಡಿಯನ್ನು ಕರೆಯಿರಿ.